ಮಾಸ್ತರರ ಮಗಳು ಎಲ್ಲಿಗೆ ಸೇರಿದಳು?

ಬೇರೆಯವರ ಮಕ್ಕಳಿಗೆ ಬುದ್ಧಿ ಹೇಳುವಷ್ಟು ಸುಖದ ಕೆಲಸ ಇನ್ನೊಂದಿಲ್ಲ. ಕೆಟ್ಟರೆ ನಮ್ಮ ಹೊಣೆಯಿಲ್ಲ, ನೆಟ್ಟಗಾದರೆ 'ನಾನು ಆಗಲೇ ಹೇಳಿದ್ದೆ' ಎನ್ನಬಹುದು. ಈ ಸುಖವನ್ನು ನಾನು ಹನ್ನೆರಡು ವರ್ಷ ಉಂಡಿದ್ದೇನೆ. ಮನೆ ಕೊಪ್ಪಳದಲ್ಲಿ, ಬೇವೂರಿನ ಕಡೆಯ ಒಂದು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಪ್ರತಿ ವರ್ಷ ಪಾಲಕರ ಸಭೆಯಲ್ಲಿ 'ಹತ್ತನೆಯ ತರಗತಿ ಆಯಿತು, ಮುಂದೇನು?' ಎಂದು ಭಾಷಣ ಮಾಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಬೇರೆ ಯಾರೂ ಒಪ್ಪಲಿಲ್ಲವೆಂದು ಬಂತು, ಅದು ಬೇರೆ ಮಾತು. ಎಲ್ಲರೂ ಪಿಯುಸಿ ಸೈನ್ಸಿಗೇ ನುಗ್ಗಬೇಡಿ, ಐಟಿಐ ಇದೆ, ಡಿಪ್ಲೊಮಾ ಇದೆ, ಕೈಯಲ್ಲಿ ಕಸುಬಿದ್ದವರು ಎಲ್ಲಿ ಹೋದರೂ ಬದುಕುತ್ತಾರೆ, ಕೆಲಸದಲ್ಲಿ ಮೇಲು ಕೀಳು ಎಂಬುದಿಲ್ಲ, ಹೀಗೆ ಮುಕ್ಕಾಲು ಗಂಟೆ. ಕೊನೆಯಲ್ಲಿ ಗಂಟಲು ಸ್ವಲ್ಪ ಕಟ್ಟುತ್ತದೆ. ಹಿಂದಿನ ದಿನ ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ಅದನ್ನೂ ಅಭ್ಯಾಸ ಮಾಡಿಕೊಂಡಿರುತ್ತೇನೆ.

ಆದರೆ ನಮ್ಮ ಕಡೆಯ ಜನ ಭಾಷಣಕ್ಕೆ ಮರುಳಾಗುವವರಲ್ಲ. ಬೀಜದ ಅಂಗಡಿಯವನು ಯಾವ ಕಡಲೆ ಒಳ್ಳೆಯದೆಂದು ಹೇಳುತ್ತಾನೋ ಅದನ್ನು ತಲೆಯಾಡಿಸಿ ಕೇಳುತ್ತಾರೆ. ಆಮೇಲೆ ಅವನ ಸ್ವಂತ ಹೊಲದ ಬದುವಿಗೆ ಹೋಗಿ ಅಲ್ಲಿ ಏನು ಬಿತ್ತಿದ್ದಾನೆಂದು ನೋಡಿಕೊಂಡು ಬರುತ್ತಾರೆ. ಮಾಸ್ತರರ ವಿಷಯದಲ್ಲೂ ಅದೇ ಪದ್ಧತಿ. ಕಳೆದ ವರ್ಷದ ಸಭೆ ಮುಗಿದ ಮೇಲೆ ಬೇವೂರಿನ ಹನಮಪ್ಪ ಬಳಿಗೆ ಬಂದ. ಎರಡೆಕರೆ ಹೊಲ, ಉಳಿದ ದಿನ ಗೌಂಡಿ ಕೆಲಸ ಮಾಡುವ ಮನುಷ್ಯ. ಅವನ ಮಗಳು ದೇವಕ್ಕನಿಗೆ ಐಟಿಐ ಸೇರುವ ಆಸೆ. "ನೋಡಾಣ್ರೀ ಸರ. ನಿಮ್ಮ ಮಗಳದೂ ಈ ವರ್ಷ ಹತ್ತನೇತ್ತ ಐತಲ್ಲ?" ಎಂದ. ನಾನು ಹೌದೆಂದು ನಕ್ಕೆ. ಆ ಪ್ರಶ್ನೆಯಲ್ಲಿದ್ದ ಕೊಕ್ಕೆ ನನಗೆ ಕಾಣಲಿಲ್ಲ.

ಫಲಿತಾಂಶ ಬಂತು, ನನ್ನ ಮಗಳು ಅನ್ನಪೂರ್ಣ ಒಳ್ಳೆಯ ಅಂಕ ತೆಗೆದಳು. ಶಾಲೆ ಶುರುವಾದ ದಿನವೇ ಪೇಡೆಯ ಡಬ್ಬಿ ಹಿಡಿದು ಸ್ಟಾಫ್ ರೂಮಿಗೆ ಹೋದೆ. ನಮ್ಮಲ್ಲಿ ಪೇಡೆ ತೆಗೆದುಕೊಂಡವರು ಅದನ್ನು ಬಾಯಿಗೆ ಹಾಕುವ ಮೊದಲು 'ಮುಂದ ಏನ್ರಿ?' ಎಂದು ಕೇಳಬೇಕು, ಕೊಟ್ಟವರು ಉತ್ತರ ಹೇಳಬೇಕು. ಮೊದಲನೆಯವರು ಕೇಳಿದರು. ನನ್ನ ಬಾಯಿಂದ 'ಸೈನ್ಸು' ಎಂದು ತಾನಾಗಿ ಬಂತು. ಮಗಳನ್ನು ಒಂದು ಮಾತು ಕೇಳಿರಲಿಲ್ಲ. ಹದಿನಾಲ್ಕು ಪೇಡೆ ಮುಗಿಯುವಷ್ಟರಲ್ಲಿ ಹದಿನಾಲ್ಕು ಸಲ ಸೈನ್ಸ್ ಎಂದಿದ್ದೆ.

ಸಂಜೆ ಮನೆಗೆ ಬಂದು ವಿಷಯ ತೆಗೆದರೆ ಅನ್ನಪೂರ್ಣ ತನಗೆ ಐಟಿಐ ಬೇಕು, ಎಲೆಕ್ಟ್ರಿಷಿಯನ್ ಟ್ರೇಡ್ ಬೇಕು ಎಂದಳು. ಅರ್ಜಿಯನ್ನು ಆಗಲೇ ಹಾಕಿಯೂ ಇದ್ದಳು. ಇಷ್ಟು ಅಂಕ ತೆಗೆದು ಓದು ಬಿಡುವುದೇ ಎಂದು ನಾನು ಕೂಗಾಡಿದೆ. ಅವಳು ಶಾಂತವಾಗಿ, "ಓದೂದು ಯಾರು ಬಿಡ್ತಾರಪ್ಪಾ? ಇಷ್ಟು ದಿನ ಬಾಯಿಲೆ ಓದೀನಿ, ಇನ್ನ ಕೈಲೆ ಓದ್ತೀನಿ" ಎಂದು, ಕೆಲಸದಲ್ಲಿ ಮೇಲು ಕೀಳಿಲ್ಲ ಎಂಬಲ್ಲಿಂದ ಹಿಡಿದು ನನ್ನ ಭಾಷಣವನ್ನೇ ಒಪ್ಪಿಸತೊಡಗಿದಳು. ಕನ್ನಡಿ ಇರುವುದು ಅವಳ ಓದುವ ಕೋಣೆಯಲ್ಲಿ. ವರ್ಷಾ ವರ್ಷಾ ಕೇಳಿ ಬಾಯಿಪಾಠವಾಗಿತ್ತು. ಗಂಟಲು ಕಟ್ಟುವ ಜಾಗವೂ ತಪ್ಪಲಿಲ್ಲ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂಬ ಮಾತು ನನಗೂ ಗೊತ್ತು. ಆದರೆ ನನ್ನ ಹೆಂಡತಿ ಶಾಂತಾ ಅಷ್ಟು ಸುತ್ತು ಬಳಸುವವಳಲ್ಲ. "ಮಂದಿ ಮಕ್ಕಳಿಗೊಂದು ನ್ಯಾಯ, ನಿಮ್ಮ ಮಗಳಿಗೊಂದು ನ್ಯಾಯ ಏನ್ರಿ?" ಎಂದು ಕೇಳಿ ಒಳಗೆ ಹೋದಳು.

ನಿಜ ಹೇಳುತ್ತೇನೆ, ನನಗೆ ಹೆದರಿಕೆ ಇದ್ದದ್ದು ಮಗಳ ಭವಿಷ್ಯದ ಬಗ್ಗೆ ಅಲ್ಲ. ಸ್ಟಾಫ್ ರೂಮಿಗೆ ಏನು ಹೇಳಲಿ? ಗಂಗಾವತಿಯಲ್ಲಿ ಅಕ್ಕಿ ವ್ಯಾಪಾರ ಮಾಡುವ ಶಾಂತಾಳ ಅಣ್ಣನಿಗೆ ಏನು ಹೇಳಲಿ? ಮಾಸ್ತರರ ಮಗಳು ಕಂಬ ಹತ್ತುತ್ತಾಳಂತೆ ಎಂದು ಅವನು ಬೀಗರ ಮುಂದೆಲ್ಲ ನಗುವುದು ಕಣ್ಣಿಗೆ ಕಟ್ಟುತ್ತಿತ್ತು. ಒಂದು ವಾರ ಸರಿಯಾಗಿ ಊಟ ಸೇರಲಿಲ್ಲ. ಕೊನೆಗೆ ಈ ಮಾಸ್ತರ ಒಂದು ಹಲ್ಕಾ ಕೆಲಸಕ್ಕೆ ಕೈಹಾಕಿದ. ದಾಖಲಾತಿಯ ಕೊನೆಯ ದಿನ ರಜೆ ಹಾಕಿ, ಮನೆಯಲ್ಲಿ ಶಾಲೆಗೆಂದು ಹೇಳಿ, ಬೆಳಿಗ್ಗೆಯೇ ಕೊಪ್ಪಳದ ಐಟಿಐ ಕಡೆ ನಡೆದೆ. ಅಲ್ಲಿ ಪಾಠ ಮಾಡುವ ಪರಿಚಯದವರೊಬ್ಬರಿದ್ದರು. ಮಗಳು ಬಂದರೆ ಸೀಟು ತುಂಬಿದೆಯೆಂದು ಹೇಳಿಬಿಡಿ ಎಂದು ಅವರ ಕೈಕಾಲು ಹಿಡಿಯುವುದು ನನ್ನ ಲೆಕ್ಕಾಚಾರ.

ಗೇಟು ದಾಟುವಷ್ಟರಲ್ಲಿ ಎದುರಿಗೆ ಹನಮಪ್ಪ. ಪಕ್ಕದಲ್ಲಿ ದೇವಕ್ಕ, ಪ್ಲಾಸ್ಟಿಕ್ ಫೈಲನ್ನು ಎದೆಗವಚಿಕೊಂಡು, ಅತ್ತು ಮುಖ ಒರೆಸಿಕೊಂಡ ಹಾಗೆ ಕಾಣುತ್ತಿದ್ದಳು. ಅವರು ಒಳಗೆ ಹೋಗುತ್ತಿರಲಿಲ್ಲ, ಹೊರಗೆ ಬರುತ್ತಿದ್ದರು. ನನ್ನನ್ನು ನೋಡಿದ್ದೇ ಹನಮಪ್ಪ ಎರಡೂ ಕೈ ಜೋಡಿಸಿದ.

"ನೀವ ಬಂದೀರಂದ್ರ ಮುಗೀತ್ರಿ ಸರ. ಮಾಸ್ತರ ಮಗಳು ಸೈನ್ಸಿಗೆ ಹೋಗ್ಯಾಳಂತ ಊರಾಗ ಸುದ್ದಿ ಆಗಿತ್ತು. ಇಕಿ ಹಟಕ್ಕ ಬಂದು ನೋಡಿದ್ರ ಇಲ್ಲೂ ನಿಮ್ಮ ಮಗಳು ಕಾಣಲಿಲ್ಲ. ಅವರ ಹಾಕದ್ದನ್ನ ನಾವ್ಯಾಕ ಹಾಕೂದು, ಮನ್ಯಾಗ ಇರ್ಲಿ ಅಂತ ಹೊಳ್ಳಿ ಕರಕೊಂಡು ಹೊಂಟಿದ್ದೆ."

ಬೇರೆ ಕೆಲಸಕ್ಕೆ ಬಂದಿದ್ದೇನೆ ಎಂದು ಒಂದು ಮಾತು ಹೇಳಿದ್ದರೆ ಆ ಹುಡುಗಿ ಬೇವೂರಿನ ಬಸ್ಸು ಹತ್ತುತ್ತಿದ್ದಳು, ಅವಳ ಓದು ಅಲ್ಲಿಗೆ ಮುಗಿಯುತ್ತಿತ್ತು. ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು. ನನಗೆ ನಾಚಿಕೆಯಾಯಿತು, ಹನ್ನೆರಡು ವರ್ಷದಲ್ಲಿ ಮೊದಲ ಸಲ ಅಭ್ಯಾಸವಿಲ್ಲದೆ ಗಂಟಲು ಕಟ್ಟಿತು. ಅವರನ್ನು ಅಲ್ಲೇ ನಿಲ್ಲಿಸಿ, ಫೋನು ತೆಗೆದು, ಅನ್ನಪೂರ್ಣಳನ್ನು ಈಗಲೇ ಕರೆದುಕೊಂಡು ಬಾ, ಅಂಕಪಟ್ಟಿ ಮರೆಯಬೇಡ ಎಂದು ಶಾಂತಾಳಿಗೆ ಹೇಳಿದೆ. ಅವಳು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ನಮ್ಮ ಸಂಸಾರದಲ್ಲಿ ಅಂಥ ದಿನಗಳು ಕಡಿಮೆ. ಅರ್ಧ ಗಂಟೆಯಲ್ಲಿ ಇಬ್ಬರೂ ಆಟೋ ಇಳಿದರು. ಮಧ್ಯಾಹ್ನದ ಹೊತ್ತಿಗೆ ಇಬ್ಬರು ಹುಡುಗಿಯರ ಹೆಸರೂ ಒಂದೇ ಪಟ್ಟಿಯಲ್ಲಿ ಬಂತು.

ಎದೆ ಎಷ್ಟು ಹಗುರಾಯಿತೆಂದರೆ ಅಲ್ಲಿಂದಲೇ ಗಂಗಾವತಿಗೆ ಫೋನು ಮಾಡಿ ಹೇಳಿಬಿಟ್ಟೆ. ಶಾಂತಾಳ ಅಣ್ಣ "ಛಲೋ ಆತು ಬಿಡ್ರಿ" ಎಂದು, ಗಿರಾಕಿ ಬಂದರೆಂದು ಫೋನು ಇಟ್ಟ. ನಾನು ವಾರವಿಡೀ ಊಟ ಬಿಟ್ಟದ್ದು ಇಷ್ಟಕ್ಕೆ. ಈಗ ದೇವಕ್ಕ ದಿನಾ ಬಸ್ಸಿಗೆ ಬರುತ್ತಾಳೆ, ಇಬ್ಬರೂ ಕೂಡಿ ಹೋಗುತ್ತಾರೆ. ಹನಮಪ್ಪ ಮಾತ್ರ ಬೇವೂರಿನಿಂದ ತಳಕಲ್‌ವರೆಗೆ ಸಿಕ್ಕವರಿಗೆಲ್ಲ, ಮಾಸ್ತರರು ಎಲ್ಲರಿಗಿಂತ ಮೊದಲು ಹೋಗಿ ಗೇಟಿನಲ್ಲಿ ನಿಂತಿದ್ದರು, ಮನುಷ್ಯ ಅಂದರೆ ಹಾಗಿರಬೇಕು ಎಂದು ಹೇಳಿಕೊಂಡು ತಿರುಗುತ್ತಿದ್ದಾನೆ. ಜನ ನನ್ನನ್ನು ಕಂಡರೆ ನಮಸ್ಕಾರ ಮಾಡುತ್ತಾರೆ. ನಾನು ವಿನಯದಿಂದ ತಲೆ ತಗ್ಗಿಸುತ್ತೇನೆ. ತಲೆ ತಗ್ಗಿಸಲು ನನಗೆ ಬೇರೆ ಕಾರಣವೂ ಇದೆ. ಮೊನ್ನೆ ಊಟಕ್ಕೆ ಕುಳಿತಾಗ ಅನ್ನಪೂರ್ಣ, "ಅಪ್ಪಾ, ಅವತ್ತ ನಮಗಿಂತ ಮೊದಲ ನೀ ಅಲ್ಲಿಗೆ ಯಾಕ ಹೋಗಿದ್ದಿ?" ಎಂದು ಕೇಳಿದಳು.

ಮೊದಲು ಉಣ್ಣು, ರೊಟ್ಟಿ ಆರಿಹೋಗುತ್ತದೆ ಎಂದು ಗದರಿಸಿದೆ. ಅವಳ ತಟ್ಟೆಯಲ್ಲಿದ್ದದ್ದು ವಾರದ ಹಿಂದೆ ಮಾಡಿಟ್ಟ ಖಡಕ್ ರೊಟ್ಟಿ.