ಇಲ್ಲದವನನ್ನು ಕೂಗುವ ಕಂಪ್ಯೂಟರು

ವೈರಸ್ಸನ್ನು ಕೊಂದ ಮಾತ್ರಕ್ಕೆ ಕಂಪ್ಯೂಟರು ಸರಿಹೋಗುವುದಿಲ್ಲ. ಇಷ್ಟು ನಿಮಗೆ ಗೊತ್ತಿರಬೇಕಿತ್ತು. ನನಗೂ ಗೊತ್ತಿರಬೇಕಿತ್ತು. ಬೆಳಿಗ್ಗೆ ಎದ್ದ ಕೂಡಲೇ ಮೊದಲು ತನ್ನನ್ನೇ ಕರೆಯಬೇಕೆಂದು ವೈರಸ್ಸು ಯಂತ್ರಕ್ಕೆ ತಾಕೀತು ಮಾಡಿರುತ್ತದೆ. ವೈರಸ್ಸು ಸತ್ತರೂ ತಾಕೀತು ಸಾಯುವುದಿಲ್ಲ. ಶಾಲೆ ಬಿಟ್ಟುಹೋದ ಹುಡುಗನ ಹೆಸರನ್ನು ಮಾಸ್ತರರು ದಿನವೂ ಹಾಜರಿಯಲ್ಲಿ ಕೂಗಿ, ಅವನು ಬರಲಿಲ್ಲವೆಂದು ಮುಖ ಸಿಂಡರಿಸಿದಂತೆ, ನಮ್ಮ ಮನೆಯ ಡಬ್ಬಿ ಪರದೆ ಕಪ್ಪು ಮಾಡಿಕೊಂಡು ‘ಇಂಥ ಫೈಲು ಸಿಗಲಿಲ್ಲ’ ಎಂಬ ಚೌಕ ತೋರಿಸಿ ನಿಂತುಬಿಡುತ್ತಿತ್ತು.

ಆ ವೈರಸ್ಸನ್ನು ಮನೆ ತುಂಬಿಸಿಕೊಂಡವನು ನಾನೇ. ಪುಕ್ಕಟೆ ಸಿಗುತ್ತದೆಂದು ಯಾವುದೋ ಫಾಂಟು ಇಳಿಸಿದ್ದೆ. (ಅದೇ ವಾರ ನನ್ನ ಅಂಕಣದಲ್ಲಿ ಪುಕ್ಕಟೆಗೆ ಬಾಯಿಬಿಡುವ ಜನರನ್ನು ಝಾಡಿಸಿದ್ದೆ. ಓದಿರಬೇಕಲ್ಲ?)

“ಊರಿಗೆ ಬುದ್ಧಿ ಹೇಳಾಕ ಹೊಂಡೂ ಮುಂದ ಮನಿ ಬಾಗಲಾ ಹಾಕ್ಕೊಂಡ ಹೋಗಬೇಕ್ರಿ,” ಎಂದಳು ಹೆಂಡತಿ ಸುಜಾತಾ. ಬಾಗೇವಾಡಿಯ ನಮ್ಮ ಮನೆಯ ಮುಂದಿನ ಖೋಲಿಯಲ್ಲಿ ಲಗ್ನಪತ್ರಿಕೆ ಟೈಪು ಮಾಡುವವಳು ಅವಳು.

ಅವತ್ತು ಇಂಗಳೇಶ್ವರದ ತಿಪ್ಪವ್ವ ಬಂದು ಕೂತಿದ್ದಳು. ಗಂಡ ತೀರಿಕೊಂಡ ಮೇಲೆ ಕುರಿ ಕಾಯ್ದು ಮಗಳನ್ನು ನರ್ಸಿಂಗ್ ಓದಿಸಿದವಳು. ಈಗ ಮಗಳ ಲಗ್ನ. ಪತ್ರಿಕೆಯಲ್ಲಿ ಆಮಂತ್ರಿಸುವವರ ಜಾಗದಲ್ಲಿ ತನ್ನ ಹೆಸರೇ ಇರಬೇಕೆಂಬುದು ಅವಳ ಹಟ. ಗಂಡಸಿನ ಹೆಸರಿಲ್ಲದ್ದು ಎಂಥ ಪತ್ರಿಕೆ ಎಂಬುದು ಮೈದುನ ಸೋಮನಿಂಗನ ಹಟ.

“ಬಿಸಲಾಗ ಕುರಿ ಹಿಂದ ಅಡ್ಡಾಡಿದಾಕಿ ನಾ. ಮಂದೀನ ಕರಿಯಾಂವ ಅಂವಂತ,” ಎಂದಳು ತಿಪ್ಪವ್ವ. “ಲಗೂನ ಮಾಡಿ ಕೊಡ ತಂಗಿ. ಮಧ್ಯಾಹ್ನದೊಳಗ ನಂದು ಪ್ರೆಸ್ಸಿಗೆ ಮುಟ್ಟಲಿಲ್ಲಂದ್ರ ತನ್ನ ಹೆಸರಲೆ ಛಾಪಿಸ್ತಾನಂತ.”

ನನ್ನ ಆತ್ಮಸಾಕ್ಷಿ ಎದ್ದು ಕುಳಿತಿತು. (ಅದು ಎದ್ದಾಗಲೆಲ್ಲ ಮನೆಯಲ್ಲಿ ಏನಾದರೂ ಒಡೆಯುತ್ತದೆ.) “ಸರಿ ಇತ್ತಾಗ, ನಾ ನೋಡ್ತೇನಿ,” ಎಂದೆ.

“ಚಾಲೂ ಆಗೂ ಮುಂದ ಅದು ಯಾರ್‍ಯಾರನ್ನ ಕರೀತೈತಿ ಅಂತ ಒಂದ ಕಡೆ ಬರದಿರ್ತೈತ್ರಿ. ಅದರಾಗ ಆ ಸತ್ತಾಂವನ ಹೆಸರೊಂದ ತಗೀರಿ. ಉಳದದ್ದು ಮುಟ್ಟಬ್ಯಾಡ್ರಿ,” ಎಂದಳು ಸುಜಾತಾ.

“ನನಗ ಹೇಳಾಕ ಬರ್ತಿ ಏನು?”

“ಹೇಳಾಕ ಬರ್ತೈತ್ರಿ. ನಿಮಗ ಕೇಳಾಕ ಬರೂದಿಲ್ಲ.”

ಹೇಗೋ ಆ ಪಟ್ಟಿ ತೆರೆದು ನೋಡಿದೆ. ಗುರುತು ಪರಿಚಯವಿಲ್ಲದ ಹೆಸರುಗಳ ದಂಡು. ಯಾರನ್ನೂ ಕೇಳದೆ, ಬೆಳಗಾದರೆ ತಾವೇ ಗಾದಿ ಏರುವವರು. ನಮ್ಮ ಮುಖಂಡರು ನೆನಪಾಗಿ ರಕ್ತ ಕುದಿಯಿತು. ದುಷ್ಟಸಂಹಾರಕ್ಕೆ ಇಳಿದೆ. ಹೆಸರು ತೆಗೆದರೆ ಸಾಲದೆಂದು ಒಂದೊಂದು ಪ್ರೋಗ್ರಾಮನ್ನೂ ಬೇರುಸಹಿತ ಕಿತ್ತೆ. ಮತ್ತೆ ಚಾಲೂ ಮಾಡಿದರೆ ಕಂಪ್ಯೂಟರು ಓಡೋಡಿ ಎದ್ದಿತು. ಕಪ್ಪು ಪರದೆಯಿಲ್ಲ, ಚೌಕವಿಲ್ಲ. ಮೀಸೆ ತಿರುವಿದೆ.

ಸುಜಾತಾ ಕೂತು ‘ತಿಪ್ಪವ್ವ’ ಎಂದು ಒತ್ತಿದಳು. ಗುಗ್ಗರಿ ಚೆಲ್ಲಿದಂತೆ ಇಂಗ್ಲಿಷ್ ಅಕ್ಷರ ಬಿದ್ದವು. ನನ್ನ ಸಂಹಾರದಲ್ಲಿ ಕನ್ನಡ ಮೂಡಿಸುವ ಪ್ರೋಗ್ರಾಮೂ ವೀರಮರಣವನ್ನಪ್ಪಿತ್ತು. (ನವೆಂಬರಿನಲ್ಲಿ ಕನ್ನಡ ಉಳಿಸಿರೆಂದು ಗಂಟಲು ಹರಿದುಕೊಂಡವನು ಯಾರೆಂದು ಕೇಳಬೇಡಿ.)

ಅವಳು ಬಯ್ಯಲಿಲ್ಲ. ಅದನ್ನು ಮತ್ತೆ ಇಳಿಸಲು ಹಚ್ಚಿದಳು. ನೆಟ್ಟು ಕುಂಟುತ್ತಿತ್ತು. ಅಷ್ಟರಲ್ಲಿ ತಿಪ್ಪವ್ವನ ಫೋನು ಹೊಡೆದುಕೊಂಡಿತು.

“ಅತ್ತಿಗೆವ್ವಾ, ಹಾದಿ ನೋಡಿ ಸಾಕಾತು. ತಾಳಿಕೋಟ್ಯಾಗ ಛಾಪಿಸಿಬಿಟ್ಟೆ. ಚೊಲೋ ಬಂದೈತಿ.” ಸೋಮನಿಂಗನ ದನಿ ಖೋಲಿ ತುಂಬ ಕೇಳಿಸಿತು.

ತಿಪ್ಪವ್ವ ಫೋನನ್ನು ಸೆರಗಿನಿಂದ ಒರೆಸಿ ಒಳಗಿಟ್ಟುಕೊಂಡು ಎದ್ದಳು. ಬಾಗಿಲಲ್ಲಿ ನಿಂತು ತಲೆ ಎತ್ತಿದಳು.

“ಈ ಬೋರ್ಡಿನ ಮ್ಯಾಲ ಏನ್ ಬರದೈತಿ ತಂಗಿ?”

“‘ಸಿದ್ಧರಾಮ ಟೈಪಿಂಗ್ ಸೆಂಟರ್’ ಅಂತ.”

“ಸಿದ್ಧರಾಮ ಅಂದ್ರ ಈ ಯಣ್ಣ ಏನು? ಇಂವ ಟೈಪ್ ಮಾಡ್ತಾನೇನು?”

“ಇಲ್ಲ ಯವ್ವಾ,” ಎಂದಳು ಸುಜಾತಾ, ಪರದೆಯಿಂದ ಕಣ್ಣು ತೆಗೆಯದೆ. “ದಿನಾ ಮುಂಜಾನಿ ಹೆಸರಷ್ಟ ಬರ್ತೈತಿ.”

ಮರುದಿನ ಏಣಿ ಹಚ್ಚಿ ಬೋರ್ಡಿಗೆ ಕೈಹಾಕಿದೆ. ಕೆಳಗಿನಿಂದ ಸುಜಾತಾಳ ದನಿ ಬಂತು: “ಅದನ್ನೂ ಬೇರುಸಹಿತ ಕೀಳಬ್ಯಾಡ್ರಿ, ಗ್ವಾಡಿ ಬಿದ್ದೀತು. ಹೆಸರೊಂದ ತಗೀರಿ.”

ನೀವೇನು ಹಲ್ಲು ಕಿರಿಯುತ್ತೀರಿ? ಎದ್ದು ಹೊರಗೆ ಹೋಗಿ. ನಿಮ್ಮ ಬಾಗಿಲ ಮೇಲೆ ಯಾರ ಹೆಸರಿದೆ, ಒಳಗೆ ಯಾರ ಕೈ ಸವೆಯುತ್ತಿದೆ, ನೋಡಿ. ಎರಡೂ ಒಂದೇ ಅಲ್ಲದಿದ್ದರೆ ಇವತ್ತೇ ಆ ಹೆಸರು ಇಳಿಸಿ. ಏಣಿ ನಮ್ಮ ಮನೆಯಿಂದ ಒಯ್ಯಿರಿ.