ಬಾಯಿಗೆ ಮೊಳೆ ಬಿದ್ದ ಗಾಯಕಿಯಮ್ಮನವರಿಗೆ

ಹಳೆಯ ಸಂಗೀತ ಭವನದ ಹೊರಗೋಡೆಯ ಮೇಲೆ ಮೂರಂತಸ್ತಿನೆತ್ತರಕ್ಕೆ ನಿಂತು ಹಾಡುತ್ತಿರುವ ಮಾನ್ಯ ಗಾಯಕಿಯಮ್ಮನವರೇ,

ತಾವು ಕ್ಷೇಮವೇ? ಮಳೆನೀರಿನ ಕೊಳವೆಗೆ ದಾರಿ ಬಿಡಲೆಂದು ಕತ್ತು ಓರೆಮಾಡಿ ನಿಂತಿರುವ ತಮ್ಮ ಪಕ್ಕದ ಪಿಟೀಲಜ್ಜನವರು ಹೇಗಿದ್ದಾರೆ? ಡೋಲಿನ ಗುಂಡಣ್ಣನ ಆರೋಗ್ಯ ಕೇಳಬೇಕಾಗಿಲ್ಲ, ಕೆನ್ನೆಯೇ ಹೇಳುತ್ತದೆ. ಈ ಕಡೆ ನನ್ನ ತಂಗಿ, ಅವಳ ಹಾಡಿನ ತಂಡದ ದರ್ಜಿಯಕ್ಕ, ಬಸ್ ಓಡಿಸುವ ಗುಡುಗಣ್ಣ ಎಲ್ಲರೂ ಸೌಖ್ಯ. ಕೂತು ಹಾಡಲು ಜಾಗವಿಲ್ಲ ಎಂಬುದೊಂದನ್ನು ಬಿಟ್ಟರೆ.

ಭವನದ ಸಂಗೀತ ಪರಂಪರೆಯನ್ನು ಊರಿಗೆಲ್ಲ ಸಾರಲೆಂದು ತಮ್ಮನ್ನು ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿದ ಭವನದ ಸಮಿತಿಗೆ ನಾವು ಋಣಿಗಳು. ತಂಗಿಯ ತಂಡ ವರ್ಷಗಳಿಂದ ಅಭ್ಯಾಸ ಮಾಡುತ್ತಿದ್ದ ಕೋಣೆಯ ಒಂದೇ ಕಿಟಕಿ ಸರಿಯಾಗಿ ತಮ್ಮ ಬಾಯಿಯ ಜಾಗಕ್ಕೆ ಬಂದು, ಅದರ ಎರಡು ಕದಗಳ ಮೇಲೆ ಚಿತ್ರಕಾರರು ತಮ್ಮ ಹಲ್ಲುಗಳನ್ನು ಸಮನಾಗಿ ಹಂಚಿದ್ದು ನಮ್ಮ ಪುಣ್ಯವೇ ಸರಿ. ಮೊದಲ ಸಂಜೆ ಕಿಟಕಿ ತೆರೆದು ಹಾಡಿದರೆ ಹಾಡು ತಮ್ಮ ಬಾಯಿಂದಲೇ ಹೊರಟಿತು. ಬೀದಿಯ ಜನ ನಿಂತುಬಿಟ್ಟರು. ಹಣ್ಣಿನ ಗಾಡಿಯವನು, "ಗೋಡೆಗೂ ಗಂಟಲು ಬಂತಲ್ಲಪ್ಪ" ಅಂದ. ಸಮಿತಿಯ ಅಧ್ಯಕ್ಷರು ಮಾತ್ರ ಎರಡೂ ಕಡೆಗೆ ತೆರೆದ ಕದಗಳನ್ನು ಕೆಳಗಿನಿಂದ ನೋಡಿ, "ಇದೇನ್ರೀ, ಹಲ್ಲೆಲ್ಲ ಕೆನ್ನೆಗೆ ಹೋಗಿದೆ, ಫೋಟೋ ಕೆಟ್ಟೋಗುತ್ತೆ" ಎಂದು ಮರುದಿನವೇ ಕದಗಳಿಗೆ ಮೊಳೆ ಹೊಡೆಸಿದರು. ಗಾಳಿಯಾಡದ ಕೋಣೆ ಯಾತಕ್ಕೆಂದು ಬೀಗವನ್ನೂ ಹಾಕಿಸಿದರು.

ಅಂದಿನಿಂದ ಅಭ್ಯಾಸ ತಂಗಿಯ ಅಡುಗೆಮನೆಯಲ್ಲಿ. ಸ್ವರ ಏರಿಸುವಾಗೆಲ್ಲ ಗುಡುಗಣ್ಣನ ತಲೆ ನೇತುಹಾಕಿದ ಸೌಟುಗಳಿಗೆ ತಾಗುತ್ತದೆ. ಪಕ್ಕದ ಮನೆಯವರು ಗೋಡೆ ಬಡಿಯುತ್ತಾರೆ. ತಂಡದಲ್ಲಿ ತಾಳ ತಪ್ಪದವರು ಸದ್ಯಕ್ಕೆ ಅವರೊಬ್ಬರೇ. ಕೆಲವರು ಬರುವುದನ್ನೇ ಬಿಟ್ಟರು. "ಇನ್ನಿಬ್ಬರು ಬಿಟ್ರೆ ನಾನೂ ನಿಲ್ಲಿಸ್ಬಿಡ್ತೀನಿ ಕಣಣ್ಣ" ಎಂದು ತಂಗಿ ಮೊನ್ನೆ ಪಾತ್ರೆ ತೊಳೆಯುತ್ತ ಹೇಳಿದಳು. ಅವಳು ಗುನುಗದೆ ಪಾತ್ರೆ ತೊಳೆದದ್ದನ್ನು ನಾನು ಕಂಡದ್ದು ಅದೇ ಮೊದಲು.

ಆದ್ದರಿಂದ ತಮ್ಮಲ್ಲಿ ಬಿನ್ನಹವೇನೆಂದರೆ, ಆ ಮೊಳೆಗಳನ್ನು ಯಾರೂ ನೋಡದಾಗ ಮೆಲ್ಲಗೆ ಉಗುಳಿಬಿಡಿ. ಅದು ಮರ್ಯಾದೆಯಲ್ಲವೆನಿಸಿದರೆ, ಅಧ್ಯಕ್ಷರು ಮತ್ತೆ ಫೋಟೋಕ್ಕೆ ನಿಂತಾಗ ತುಟಿ ಬಿಗಿದು ಬೇರೆ ಕಡೆ ನೋಡಿ. ಸಂಗೀತದ ಗೋಡೆಯ ಹಿಂದೆ ಒಂದಿಷ್ಟು ಸಂಗೀತವೂ ಇರಲಿ ಎಂಬುದಷ್ಟೇ ನಮ್ಮ ದುರಾಸೆ.

ತಂಡ ಚದುರುವ ಮುಂಚೆ ಎರಡು ಸಾಲು ಬರೆದುಹಾಕಿ, ತಂಗಿಗೆ ನಾನೇ ಓದಿ ಹೇಳುತ್ತೇನೆ.

ತಮ್ಮ ವಿಶ್ವಾಸಿ,
ಹಾಡು ಬಾರದೆ, ತಂಡಕ್ಕೆ ಕುರ್ಚಿ ಹಾಕುವ ಅಣ್ಣ

ತಾ.ಕ.: ಈ ಬಿಸಿಲಿಗೆ ತಮ್ಮ ಮೂಗಿನ ಬಣ್ಣ ಏಳತೊಡಗಿದೆ. ಸಮಿತಿಯವರು ಸೂರ್ಯನ ಅಳತೆಗೊಂದು ಬೀಗ ಹುಡುಕುತ್ತಿರಬೇಕು.