ಬಾಗಿಲಲ್ಲಿ ನಿಂತವರ ಎಣಿಕೆ

ಅನ್ಯಾಯ ಕಂಡರೆ ಅದಕ್ಕೊಂದು ಹೆಸರಿಡದೆ ಇರಲಾರದ ದೌರ್ಬಲ್ಯ ನನಗಿದೆ. ಕೆಲವರಿಗೆ ಸಿಹಿತಿಂಡಿ ಕಂಡರೆ ಹೇಗೋ ನನಗೆ ಶೋಷಣೆ ಕಂಡರೆ ಹಾಗೆ. ವೈದ್ಯರು ಬೇಡವೆಂದರೂ ಕೈ ಅತ್ತಲೇ ಹೋಗುತ್ತದೆ. ಹೊಸಮನೆಯ ನೆಂಟರ ಮದುವೆಯಲ್ಲಿ ಹೋಳಿಗೆ ಬಡಿಸುತ್ತಿದ್ದವರನ್ನು ತಡೆದು, ಬೆಳಗ್ಗೆ ಎಷ್ಟಕ್ಕೆ ಬಂದಿರಿ, ನಿಮ್ಮ ಊಟವಾಯಿತೇ, ವಾರಕ್ಕೊಂದು ರಜೆ ಇದೆಯೇ ಎಂದು ವಿಚಾರಿಸತೊಡಗಿದ್ದೆ. "ರೀ, ಅವರ ರಜೆ ಆಮೇಲೆ ಕೇಳಿ, ಮೊದಲು ಹೋಳಿಗೆ ಮುಂದಕ್ಕೆ ಹೋಗ್ಲಿ" ಎಂದು ಹೆಂಡತಿ ಗದರಿದಳು. ಇಡೀ ಪಂಕ್ತಿ ಅವಳ ಪರವಾಗಿತ್ತು.

ಇಂಥವನ ಕೈಗೆ ನಮ್ಮ ಕಾರ್ಮಿಕ ಸಂಘಟನೆ ಸಮೀಕ್ಷೆಯ ನಮೂನೆಯೊಂದನ್ನು ಕೊಟ್ಟಿತು. ರಾಜ್ಯದ ಆರ್ಥಿಕತೆಯಲ್ಲಿ ಸೇವಾ ವಲಯ ಬೆಳೆಯುತ್ತಿದೆ ಎನ್ನುತ್ತಾರೆ. ಆದರೆ ಅಂಗಡಿ, ಲಾಡ್ಜು, ನರ್ಸಿಂಗ್ ಹೋಮುಗಳಲ್ಲಿ ದುಡಿಯುವವರ ಲೆಕ್ಕವನ್ನು ಮಾಲೀಕರ ಬಾಯಿಂದ ಕೇಳಿದರೆ ಎಷ್ಟೋ ಜನ ಮಾಯವಾಗಿಬಿಡುತ್ತಾರೆ. ಆದ್ದರಿಂದ ಕೆಲಸಗಾರರನ್ನೇ ಕೇಳಿ ಬರೆದುಕೊಳ್ಳಬೇಕು. ಮೂರು ತಿಂಗಳಾದ ಮೇಲೆ ಮತ್ತೆ ಹೋಗಿ ಯಾರಿದ್ದಾರೆ, ಯಾರಿಲ್ಲ ಎಂದು ನೋಡಬೇಕು. ನಿಯಮ ಒಂದೇ: ಕೆಲಸಗಾರ ಹೇಳಿದ್ದು ಮಾಲೀಕನ ಕಿವಿಗೆ ಬೀಳಬಾರದು. ಶಿವಮೊಗ್ಗದ ಗೋಪಾಳದ ನಿವಾಸಿಯಾದ ನನ್ನ ಪಾಲಿಗೆ ಭದ್ರಾವತಿ ಬಂತು.

ಅಲ್ಲಿನ ನರ್ಸಿಂಗ್ ಹೋಮೊಂದರ ಬಾಗಿಲಲ್ಲಿ ಮುರುಗೇಶಣ್ಣ ಎಂಬ ಹಿರಿಯರು ನಿಂತಿದ್ದರು. ಒಂದು ಕಾಲದಲ್ಲಿ ಕಾರ್ಖಾನೆಯಲ್ಲಿ ಯಂತ್ರ ನಡೆಸಿದ ಕೈ ಈಗ ಬಂದವರಿಗೆಲ್ಲ ಬಾಗಿಲು ತೆರೆಯುತ್ತಿತ್ತು. ದಿನಕ್ಕೆ ಹನ್ನೆರಡು ಗಂಟೆ. ಪಕ್ಕದಲ್ಲೇ ಕುರ್ಚಿ ಇತ್ತು, ಆದರೆ ಅದು ರೋಗಿಗಳ ಕಡೆಯವರಿಗೆ. ಯಾರ ಹಾಜರಿ ಪುಸ್ತಕದಲ್ಲೂ ಅವರ ಹೆಸರಿರಲಿಲ್ಲ. "ಆಸ್ಪತ್ರೆಯವ್ರು ಏಜೆನ್ಸಿ ಆಳು ಅಂತಾರೆ, ಏಜೆನ್ಸಿಯವ್ರು ಆಸ್ಪತ್ರೆ ಆಳು ಅಂತಾರೆ. ಬಾಗ್ಲು ಮಾತ್ರ ನನ್ನನ್ನ ಗುರುತು ಹಿಡಿಯುತ್ತೆ ಸಾರ್" ಎಂದು ನಕ್ಕರು. ಆಮೇಲೆ ದನಿ ತಗ್ಗಿಸಿ, "ಬರ್ಕೊಳ್ಳಿ, ಆದ್ರೆ ಒಳಗೆ ಏನೂ ಹೇಳ್ಬೇಡಿ. ಈ ವಯಸ್ಸಲ್ಲಿ ನನ್ನನ್ನ ಇನ್ಯಾರು ಕರೀತಾರೆ?" ಎಂದರು.

ಹೇಳುವುದಿಲ್ಲವೆಂದು ಮಾತು ಕೊಟ್ಟೆ. ಕೊಟ್ಟು ಹೊರಟವನು ಒಮ್ಮೆ ತಿರುಗಿ ನೋಡಿದೆ. ಕುರ್ಚಿ ಖಾಲಿಯಿತ್ತು, ಅದರ ಪಕ್ಕದಲ್ಲೇ ಅವರು ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಿದ್ದರು. ನನ್ನ ದೌರ್ಬಲ್ಯ ತಲೆಯೆತ್ತಿತು. ನೇರವಾಗಿ ಮ್ಯಾನೇಜರ ಕೋಣೆಗೆ ನಡೆದು, ದುಡಿಯುವವನನ್ನು ಕೂರಗೊಡದಿರುವುದು ಅಮಾನವೀಯ, ಹನ್ನೆರಡು ಗಂಟೆ ನಿಲ್ಲಿಸುವುದು ಕಾನೂನುಬಾಹಿರ, ಕಣ್ಣೆದುರಿಗಿರುವ ಮನುಷ್ಯನನ್ನು ದಾಖಲೆಯಿಂದ ಅಳಿಸುವುದು ಘೋರ ವಂಚನೆ ಎಂದು ಒಂದೊಂದಕ್ಕೂ ಹೆಸರಿಟ್ಟು ಹೇಳಿದೆ. ಮ್ಯಾನೇಜರು ವಿನಯದಿಂದ ಆಲಿಸಿದರು, ಕಾಫಿ ತರಿಸಿದರು, "ಕೂಡ್ಲೇ ಸರಿ ಮಾಡ್ತೀವಿ ಸಾರ್" ಎಂದರು. ಶಿವಮೊಗ್ಗದವರೆಗೂ ಬಸ್ಸಿನಲ್ಲಿ ನಾನು ನಿಂತೇ ಬಂದೆ. ಸೀಟು ಖಾಲಿಯಿತ್ತು; ಆದರೆ ಅಷ್ಟು ಉಬ್ಬಿದವನು ಕೂರುವುದಾದರೂ ಹೇಗೆ?

ಮೂರು ತಿಂಗಳ ನಂತರ ಹೋದಾಗ ಎಲ್ಲವೂ ಸರಿಯಾಗಿತ್ತು. ಬಾಗಿಲು ತಾನಾಗಿಯೇ ತೆರೆದುಕೊಂಡಿತು. ಮೇಲೊಂದು ಕ್ಯಾಮೆರಾ ಇತ್ತು. ಅದಕ್ಕೆ ಕೂರುವ ಆಸೆಯಿರಲಿಲ್ಲ, ರಜೆ ಬೇಕಿರಲಿಲ್ಲ. ಹೆಸರಿಡಬಹುದಾದ ಅನ್ಯಾಯ ಆ ಬಾಗಿಲಲ್ಲಿ ಒಂದೂ ಉಳಿದಿರಲಿಲ್ಲ.

ವಿಳಾಸ ಹಿಡಿದು ಮುರುಗೇಶಣ್ಣನ ಮನೆಗೆ ಹೋದೆ. ನನ್ನನ್ನು ಕಂಡೊಡನೆ ಎದ್ದು, ಇದ್ದೊಂದೇ ಕುರ್ಚಿಯನ್ನು ನನ್ನತ್ತ ಸರಿಸಿದರು. "ಕೂತ್ಕೊಳ್ಳಿ ಸಾರ್. ನೀವು ಬಂದು ಹೋದ ಮಾರನೇ ದಿನಾನೇ ಬೇಡ ಅಂದ್ರು. ಆಮೇಲೆ ಎಲ್ಲಾ ಕಡೆ ಕೇಳ್ದೆ, ವಯಸ್ಸಾಯ್ತು ಅಂತಾರೆ." ಅಷ್ಟರಲ್ಲಿ ಒಳಗಿನಿಂದ ಅವರ ಹೆಂಡತಿಯ ದನಿ ಬಂತು: "ಮತ್ತೆ ಬರ್ಕೊಳ್ಳೋಕೆ ಬಂದ್ರಾ? ಬರ್ಕೊಳ್ಲಿ ಬಿಡಿ. ಹೋಗಿ ಹೇಳೋಕೆ ಈ ಮನೇಲಿ ಮ್ಯಾನೇಜರ್ ಇಲ್ವಲ್ಲ."

"ಸುಮ್ನಿರು ಮಾರಾಯ್ತಿ" ಎಂದ ಮುರುಗೇಶಣ್ಣ, ತಪ್ಪು ತಮ್ಮದೇ ಎಂಬಂತೆ ತಲೆ ತಗ್ಗಿಸಿದರು.

ನಾನು ನಮೂನೆ ಬಿಡಿಸಿದೆ. ಈಗ ಕೆಲಸದಲ್ಲಿದ್ದಾರೆಯೇ? ಇಲ್ಲ. ಕೆಲಸ ಹೋಗಲು ಕಾರಣ? ಸಂಸ್ಥೆ ಮುಚ್ಚಿತು, ತಾವೇ ಬಿಟ್ಟರು, ಅನಾರೋಗ್ಯ, ಇತರೆ. ಇತರೆಯಾದರೆ ವಿವರ ಬರೆಯಲು ಎರಡು ಗೆರೆ. ತಂದೆಯ ಹೆಸರು ಸಮೇತ ನನ್ನ ಹೆಸರು ಅಲ್ಲಿ ಆರಾಮವಾಗಿ ಹಿಡಿಸುತ್ತಿತ್ತು. ಅನ್ಯಾಯ ಕಂಡರೆ ಹೆಸರಿಡದೆ ಇರಲಾರದ ನಾನು, ಇತರೆಯ ಮುಂದೆ ಒಂದು ಗುರುತು ಹಾಕಿ, ಎರಡೂ ಗೆರೆಗಳನ್ನು ಖಾಲಿ ಬಿಟ್ಟು, ಪೆನ್ನಿಗೆ ಮುಚ್ಚಳ ಹಾಕಿದೆ. ಹೊರಡಲು ಎದ್ದಾಗ ಮುರುಗೇಶಣ್ಣ ನನಗಿಂತ ಮುಂಚೆ ಹೋಗಿ ಬಾಗಿಲು ತೆರೆದು, ನಾನು ದಾಟುವವರೆಗೂ ಹಿಡಿದು ನಿಂತರು.